ಕಡೇ ಮಾತಿನವರೆಗೆ

ಜನವರಿ 10, ಶನಿವಾರ

ವಾರಕ್ಕೆ ನಿದ್ದೆ ಮಾಡಲು ಸಿಗುವುದು ಎರಡು ಬೆಳಗು. ಅದರಲ್ಲಿ ಒಂದು ಇವತ್ತು ಹೋಯಿತು. ಇನ್ನು ಏಳು ಶನಿವಾರ ಹೀಗೇ ಹೋಗಲಿವೆ.

ಚರ್ಚಿನ ನೆಲಮಾಳಿಗೆಯಲ್ಲಿ ಹನ್ನೊಂದು ಜನ ವೃತ್ತವಾಗಿ ನಿಂತು, ಇಲ್ಲದ ಚೆಂಡೊಂದನ್ನು ಒಬ್ಬರಿಗೊಬ್ಬರು ಎಸೆದೆವು. ಇಬ್ಬರು ಪಾದ್ರಿಗಳು, ಒಂದು ಆಸ್ಪತ್ರೆಯ ಮುಖ್ಯಸ್ಥೆ, ಒಬ್ಬ ಹೈಸ್ಕೂಲ್ ಉಪಪ್ರಾಂಶುಪಾಲ, ಹೀಗೆ ಎಲ್ಲರೂ ಏನಾದರೊಂದು ಆಗಿರುವವರು. ಎಲ್ಲರೂ ಕಪ್ಪು ಜನ, ಇಲ್ಲವೇ ಮೆಕ್ಸಿಕೊ ಕಡೆಯವರು. ಶನಿವಾರವೂ ಗರಿಗರಿ ಅಂಗಿ. ನಾನು ಲಾಂಡ್ರಿಯವಳು. ಊರಿನ ಆಸ್ಪತ್ರೆಗಳ ಹಾಸಿಗೆಬಟ್ಟೆ ಒಗೆದು ಇಸ್ತ್ರಿ ಮಾಡುವ ಕಾರ್ಖಾನೆ ನಮ್ಮದು. ನವೆಂಬರಿನಲ್ಲಿ ನನ್ನನ್ನು ಕಾರ್ಮಿಕ ಸಂಘದ ಪ್ರತಿನಿಧಿಯಾಗಿ ಆರಿಸಿದರು. ಬೇರೆ ಯಾರೂ ನಿಲ್ಲಲಿಲ್ಲ, ನನ್ನ ಬಾಯಿ ದೊಡ್ಡದು, ಅಷ್ಟೇ ಅರ್ಹತೆ. ಬಿಳಿಯರಲ್ಲದ ಮುಂದಾಳುಗಳಿಗೆ ತರಬೇತಿ ಅಂತ ಸಂಘದ ಕಚೇರಿಯವರು ಇಲ್ಲಿಗೆ ಹೆಸರು ಬರೆಸಿದರು. ತರಬೇತಿ ಎಂದರೆ ಭಾಷಣ, ನಡುವೆ ಡೋನಟ್ ಎಂದುಕೊಂಡಿದ್ದೆ. ಇದು ನೋಡಿದರೆ ಆಶುನಾಟಕ. ಬರೆದ ಮಾತಿಲ್ಲ, ಕತೆಯಿಲ್ಲ. ಸುಮ್ಮನೆ ನಿಲ್ಲುವುದು, ಎದುರಿಗಿರುವವರು ಏನೋ ಅನ್ನುತ್ತಾರೆ, ನಾವೇನೋ ಅನ್ನಬೇಕು.

ಕಲಿಸುವವರು ಮಿಸ್ ಕಾರ್ಲಿಸ್ ಟೇಟ್. ಅರವತ್ತು ದಾಟಿದೆ, ಬಾಗಿಲಷ್ಟು ಎತ್ತರ. "ಇಪ್ಪತ್ತೆರಡು ವರ್ಷ ಷಿಕಾಗೋದ ರಂಗದ ಮೇಲೆ ಇದನ್ನೇ ಆಡ್ದೆ. ತಂಡಕ್ಕೆಲ್ಲ ನಾನೊಬ್ಳೇ ಕಪ್ಪು ಹುಡ್ಗಿ. ನಾನು ಬಾಗಿಲು ದಾಟಿ ಬರೋಷ್ಟ್ರಲ್ಲಿ ಎದುರಿನೋನು 'ಓ, ನೆಲ ಒರೆಸೋಳು ಬಂದ್ಲು' ಅಂದ್ಬಿಡೋನು. ಪ್ರತೀ ಸಲ! ಅವನು ಅಂದ್ಮೇಲೆ ಆಯ್ತು, ಆಟದ ನಿಯಮ, ಇಲ್ಲ ಅನ್ನೋ ಹಾಗಿಲ್ಲ. ನೆಲ ಒರೆಸ್ತಾ ಒರೆಸ್ತಾನೇ ಆ ಮನೆ ನನ್ನದು ಮಾಡ್ಕೊಳ್ಳೋದು ಹೇಗೆ ಅಂತ ಕಲ್ತೆ. ಅದನ್ನೇ ನಿಮಗೂ ಕಲಿಸೋದು" ಎಂದರು.

ಚೆಂಡು ಬೀಳಿಸಿದವರು ಎರಡೂ ಕೈ ಮೇಲೆತ್ತಿ "ನಾನು ತಪ್ಪಿದೆ!" ಎಂದು ಕೂಗಬೇಕಂತೆ. ಉಳಿದವರು ಚಪ್ಪಾಳೆ ಹೊಡೆಯಬೇಕಂತೆ. ನನಗೆ ತಡೆಯಲಾಗಲಿಲ್ಲ.

"ಇದು ಸುಳ್ಳು ಮಿಸ್ ಟೇಟ್. ನಮ್ಮಂಥೋರು ತಪ್ಪಿದ್ರೆ ಹೊರಗೆ ಯಾರು ಚಪ್ಪಾಳೆ ಹೊಡೀತಾರೆ?"

"ಅದಕ್ಕೇ ಕಣಮ್ಮ, ಇಲ್ಲಿ ನಾವು—"

"ನಮ್ಮಲ್ಲಿ ಬಿಳಿಯೋನು ಯಂತ್ರ ಸುಟ್ರೆ ಯಂತ್ರ ಹಳೇದು ಅಂತಾರೆ. ನಾವು ಸುಟ್ರೆ ನಾವು ಹಳಬ್ರು!"

ಎಲ್ಲರೂ ನಕ್ಕರು. ಮಿಸ್ ಟೇಟ್ ಏನೋ ಹೇಳುವವರಿದ್ದರು. ಏನೋ. ಹೊರಡುವಾಗ ಎಲ್ಲರಿಗೂ ಒಂದೊಂದು ನೋಟ್‌ಬುಕ್ ಕೊಟ್ಟರು, ಬರೀರಿ, ಯಾರೂ ಓದೋದಿಲ್ಲ ಎಂದರು. ಇದೇ ಅದು.

ಜನವರಿ 14, ಬುಧವಾರ

ಮೂರನೇ ಇಸ್ತ್ರಿ ಯಂತ್ರ ಸುಟ್ಟಿತು. ಹಸಿ ಹಾಸು ಒಂದು ಕಡೆಯಿಂದ ಕೊಟ್ಟರೆ ಕಾದ ಉರುಳೆಗಳ ನಡುವೆ ಹೋಗಿ ಇನ್ನೊಂದು ಕಡೆ ಒಣಗಿ ಬರುತ್ತದೆ. ಇವತ್ತು ಹಾಸು ಉರುಳೆಗೆ ಸುತ್ತಿಕೊಂಡು ಹೊಗೆ ಎದ್ದಿತು. ಗಂಟೆ ಬಾರಿಸಿ ಎಲ್ಲರನ್ನೂ ಅಂಗಳಕ್ಕೆ ಅಟ್ಟಿದರು. ತೋಳಿಲ್ಲದ ಬನಿಯನ್ನಿನಲ್ಲಿ, ಹಿಮದಲ್ಲಿ, ಮುಕ್ಕಾಲು ಗಂಟೆ.

ಮೇಲ್ವಿಚಾರಕ ಡ್ವಯರ್ ಬಂದು "ಮೂರನೇದ್ರಲ್ಲಿ ಯಾರಿದ್ರು?" ಎಂದ.

ಯಾರೂ ಬಾಯಿ ಬಿಡಲಿಲ್ಲ. ನಾನು ಹೇಳಿದೆ. "ಲೀಮನ್ ಇದ್ರು. ಓಡ್ತಿರೋ ಯಂತ್ರ ಬಿಟ್ಟು ಆ ಕಡೆ ಹೋದ್ರು. ನಾನು ನೋಡ್ದೆ."

ನೋಡಿದ್ದು ನಿಜ. ಕೇಳಿದರೆ ನಿಜ ಹೇಳಬೇಕು. ನನಗೆ ಬೇರೆ ಥರ ಬರುವುದಿಲ್ಲ. ಆದರೆ ಅಂಗಳದಲ್ಲಿ ಎಲ್ಲರೂ ನನ್ನಿಂದ ಒಂದೊಂದು ಹೆಜ್ಜೆ ದೂರ ಸರಿದ ಹಾಗಾಯಿತು. ಮಿಸ್ಟರ್ ಲೀಮನ್ ಬ್ಯಾಟಲ್ ಆ ಯಂತ್ರದ ಮುಂದೆ ಹತ್ತೊಂಬತ್ತು ವರ್ಷದಿಂದ ನಿಂತಿದ್ದಾರೆ. ಬೆರಳು ಸುಡದ ಹಾಗೆ ಹಾಸಿನ ತುದಿ ಹಿಡಿಯುವುದನ್ನು ನನಗೆ ಕಲಿಸಿದವರು ಅವರೇ.

ಊಟದ ಹೊತ್ತಿಗೆ ಅವರ ಹತ್ತಿರ ಹೋದೆ.

"ನಾನು ಯಾಕೆ ಹೋದೆ ಅಂದ್ರೆ ಮಗೂ, ಆ ಕಡೆ—"

"ಯಾಕೆ ಅನ್ನೋದು ಆಮೇಲೆ. ಹೋದ್ರೋ ಇಲ್ವೋ?"

"ಹೋದೆ."

"ಹಂಗಾದ್ರೆ ನಾನು ಸುಳ್ಳು ಹೇಳ್ಲಿಲ್ಲ."

ಅವರು ಸಾರ್ಡೀನ್ ಡಬ್ಬಿಯ ಮೇಲೆ ಕಾಗದ ಮುಚ್ಚಿ ಎದ್ದು ಹೋದರು. ಅರ್ಧವೂ ತಿಂದಿರಲಿಲ್ಲ.

ಜನವರಿ 15, ಗುರುವಾರ

ನೋಟೀಸು ಬಂದಿದೆ. ಲೀಮನ್ ಮೇಲೆ ವಿಚಾರಣೆ, ಫೆಬ್ರವರಿ 25ಕ್ಕೆ. ಓಡುತ್ತಿರುವ ಯಂತ್ರ ಬಿಟ್ಟು ಹೋದದ್ದು ಆರೋಪ, ಕೆಲಸದಿಂದ ತೆಗೆಯುವುದು ಶಿಕ್ಷೆ. ಅವರ ಪರ ಮಾತಾಡಬೇಕಾದ ಸಂಘದ ಪ್ರತಿನಿಧಿ: ಜಿಪ್ಪೋರ ಗೇನ್ಸ್. ಸಾಕ್ಷಿ: ಜಿಪ್ಪೋರ ಗೇನ್ಸ್. ಎರಡೂ ನಾನೇ.

ಜನವರಿ 17, ಶನಿವಾರ

ಇವತ್ತಿನ ಆಟ: ಎದುರಿನವರ ಕಡೇ ಪದದಿಂದಲೇ ನಮ್ಮ ಮಾತು ಶುರುವಾಗಬೇಕು. ಸುಲಭ ಎಂದುಕೊಂಡೆ.

ನನಗೆ ಜೊತೆಯಾದದ್ದು ಆ ಉಪಪ್ರಾಂಶುಪಾಲ, ಎಫ್ರೈನ್ ಲೆಡೆಸ್ಮ. ನಿದ್ದೆಗೆಟ್ಟು ಕಣ್ಣಿನ ಕೆಳಗೆ ನನಗಿಂತ ಹೆಚ್ಚು ಊತ. ಶಾಲೆ ಬಿಟ್ಟವಳಿಗೂ ಉಪಪ್ರಾಂಶುಪಾಲನಿಗೂ ಜೋಡಿ ಹಾಕಿದ ಮಿಸ್ ಟೇಟ್ ಬೇಕೆಂದೇ ಹಾಗೆ ಮಾಡಿರಬೇಕು. ಎಂಟು ಸಲ ಆಡಿದೆವು, ಎಂಟು ಸಲವೂ ಸೋತೆ. ಅವರು ಇನ್ನೂ ಅರ್ಧದಲ್ಲಿರುವಾಗಲೇ ನನ್ನ ಬಾಯಿ ಹೊರಟಿರುತ್ತದೆ. ಕಡೇ ಪದ ಯಾವುದು ಎಂದು ಕೇಳಿದರೆ ಗೊತ್ತೇ ಇರುವುದಿಲ್ಲ.

"ನನ್ನ ಮಕ್ಳಲ್ಲಿ ನಿಮ್ಮಂಥೋರು—" ಎಂದು ಏನೋ ಶುರುಮಾಡಿದರು.

"ನಿಮ್ಮ ಮಕ್ಳ ಜೊತೆ ನನ್ನ ಸೇರಿಸ್ಬೇಡಿ ಸಾರ್, ಹನ್ನೊಂದನೇ ಕ್ಲಾಸಿಗೇ ನಿಮಗೆಲ್ಲ ಕೈಮುಗಿದು ಬಂದೋಳು ನಾನು."

"ಒಂಬತ್ತು" ಎಂದರು ಮಿಸ್ ಟೇಟ್, ಹಿಂದಿನಿಂದ. ಸೋಲನ್ನು ಎಣಿಸುತ್ತಿದ್ದರು.

ಜನವರಿ 22, ಗುರುವಾರ

ವಿಚಾರಣೆಗೆ ಭಾಷಣ ಬರೆಯುತ್ತಿದ್ದೇನೆ. ಹತ್ತೊಂಬತ್ತು ವರ್ಷದ ಸೇವೆ. ಹೋದ ವರ್ಷ ಕೆವಿನ್ ಎರಡನೇ ಯಂತ್ರ ಸುಟ್ಟಾಗ ಅವನಿಗೆ ಒಂದು ಎಚ್ಚರಿಕೆಯ ಚೀಟಿಯೂ ಕೊಡಲಿಲ್ಲ. ಕೆವಿನ್ ಬಿಳಿಯ. ನಾಲ್ಕು ಪುಟ ಆಯಿತು. ಓದಿದರೆ ನನ್ನ ಮೈಯೇ ಬಿಸಿಯಾಗುತ್ತದೆ.

ಲೀಮನ್ ಮಾತಾಡುತ್ತಿಲ್ಲ. ಬೆಳಗ್ಗೆ ಐದಕ್ಕೆ ಬಾಗಿಲಲ್ಲಿ ಎದುರಾದರೆ ಟೋಪಿ ಮುಟ್ಟುತ್ತಾರೆ, ಅಷ್ಟೇ. ಪ್ರತಿನಿಧಿಗೆ ಕೊಡುವ ಮರ್ಯಾದೆ, ನನಗಲ್ಲ.

ಕಾಲು ಊದಿದೆ. ನನ್ನ ಜೊತೆಗಿರುವ ಚಿಕ್ಕಮ್ಮ ಕಾಲಿಡಲು ಉಪ್ಪುನೀರಿನ ಬಕೆಟ್ಟು ತಂದಿಟ್ಟು, ತಾನು ಮೊದಲು ಕೆಲಸಕ್ಕೆ ಹೋದಾಗಿನದೇನೋ ಹೇಳತೊಡಗಿದಳು. ಈಗ ಬೇಡ ಚಿಕ್ಕಮ್ಮ ಎಂದೆ.

ಜನವರಿ 24, ಶನಿವಾರ

ಹೋಗಲಿಲ್ಲ. ಮೈ ಏಳಲಿಲ್ಲ.

ಜನವರಿ 31, ಶನಿವಾರ

ಭಾಷಣವನ್ನು ತರಗತಿಗೆ ತೆಗೆದುಕೊಂಡು ಹೋದೆ. ಆಡಿ ತೋರಿಸು ಎಂದರು ಮಿಸ್ ಟೇಟ್. ತಾವೇ ಡ್ವಯರ್ ಆದರು. ಕುರ್ಚಿಯಲ್ಲಿ ಕಾಲು ಚಾಚಿ ಕೂತರೆ ಅವನೇ, ಹೊಟ್ಟೆ ಸಮೇತ.

ಶುರುಮಾಡಿದೆ. ನಡುನಡುವೆ ಅವರು ಏನೇನೋ ಗೊಣಗಿದರು, ನಾನು ನಿಲ್ಲಲಿಲ್ಲ. ನಾಲ್ಕೂ ಪುಟ ಮುಗಿಸಿ ನೋಡಿದರೆ ಯಾರೂ ಚಪ್ಪಾಳೆ ಹೊಡೆಯುತ್ತಿಲ್ಲ. ಲೆಡೆಸ್ಮ ಬಾಯಿಗೆ ಕರವಸ್ತ್ರ ಒತ್ತಿಕೊಂಡಿದ್ದಾರೆ. ಪಾದ್ರಿಯೊಬ್ಬರು ಅಳುವಷ್ಟು ನಗುತ್ತಿದ್ದಾರೆ.

"ಎರಡನೇ ಪುಟದಲ್ಲಿ ನಾನೇನಂದೆ?" ಮಿಸ್ ಟೇಟ್ ಕೇಳಿದರು.

"ಏನೋ ಅಂದ್ರಿ."

"'ಆಯ್ತಮ್ಮ, ನಿನ್ನ ಮಾತು ಸರಿ, ಅವನ್ನ ತೆಗೆಯಲ್ಲ, ನಾಳೆ ಕೆಲಸಕ್ಕೆ ಬರ್ಲಿ' ಅಂದೆ. ಇಡೀ ಕೋಣೆಗೆ ಕೇಳಿಸ್ತು. ನೀನು ಗೆದ್ದಾಗಿತ್ತು ಜಿಪ್ಪಿ. ಗೆದ್ಮೇಲೂ ಎರಡು ಪುಟ ಜಗಳಾಡ್ದೆ. ಕಡೇಲಿ ಡ್ವಯರ್ ತಾಯೀನ ಬೈಯೋ ತನಕ ಹೋದೆ. ಅದಕ್ಕೇ ನಾನು ಮತ್ತೆ ಮನಸ್ಸು ಬದಲಾಯಿಸ್ದೆ!"

ಬಾಗಿಲ ಕಡೆ ನೋಡಿದೆ. ಹೋಗಿಬಿಡುತ್ತಿದ್ದೆ, ಆದರೆ ಆದದ್ದು ಆದದ್ದೇ ತಾನೆ. ಎರಡೂ ಕೈ ಎತ್ತಿ "ನಾನು ತಪ್ಪಿದೆ" ಎಂದೆ. ಎಲ್ಲರೂ ಹೊಡೆದರು ಚಪ್ಪಾಳೆ. ಅದೇನೂ ಹಿತವಾಗಿರಲಿಲ್ಲ.

ಆಮೇಲೆ ಅವರು ಎಲ್ಲರಿಗೂ ಹೇಳಿದ್ದು: "ಇದು ಇವಳೊಬ್ಳ ರೋಗ ಅಲ್ಲ. ಬಿಳಿಯೋರ ಕೋಣೆಗೆ ಹೋಗೋ ಮುಂಚೆ ನಾವೆಲ್ಲ ಕನ್ನಡಿ ಮುಂದೆ ನಿಂತು ಹತ್ತು ಸಲ ಹೇಳ್ಕೊಂಡು ಹೋಗ್ತೀವಿ. ಯಾಕೆ? ಒಂದು ಪದ ತಪ್ಪಿದ್ರೂ ನೋಡಿ ಇವರ ಹಣೆಬರಹ ಅಂತಾರೆ. ಹೋಗೋದೇ ಕಬ್ಬಿಣದ ಅಂಗಿ ತೊಟ್ಟು. ತಪ್ಪಲ್ಲ, ಅದು ನಮ್ಮನ್ನ ಇಲ್ಲೀವರೆಗೆ ಉಳಿಸಿದೆ. ಆದ್ರೆ ಅದರೊಳಗೆ ಕಿವಿ ಕೇಳ್ಸಲ್ಲ."

ಭಾಷಣದ ಪುಟಗಳನ್ನು ಎಸೆಯಲಿಲ್ಲ. ಕೋಟಿನ ಜೇಬಿನಲ್ಲಿವೆ.

ಫೆಬ್ರವರಿ 4, ಬುಧವಾರ

ಚಿಕ್ಕಮ್ಮ ಇವತ್ತು ಬಿಡಲೇ ಇಲ್ಲ. ಹದಿನೇಳು ವರ್ಷಕ್ಕೆ ಹೋಟೆಲಿನಲ್ಲಿ ಕೋಣೆ ಗುಡಿಸುತ್ತಿದ್ದಳಂತೆ. ಒಂದು ದಿನ ಹಾಸಿಗೆಯ ಕೆಳಗೆ ಯಾರದೋ ಹಲ್ಲಿನ ಕಟ್ಟು ಸಿಕ್ಕಿತಂತೆ. ಅದನ್ನು ಕೊಡಲು ರೈಲು ನಿಲ್ದಾಣದವರೆಗೆ ಓಡಿದಳಂತೆ. ಆ ಮುದುಕ ಹಲ್ಲು ಹಾಕಿಕೊಂಡು ಮೊದಲು ಆಡಿದ ಮಾತು "ಏನು ಇಷ್ಟು ತಡ?" ಬಕೆಟ್ಟಿನ ನೀರು ತಣ್ಣಗಾಗುವವರೆಗೂ ಹೇಳಿದಳು. ಇವಳಿಗೆ ವಯಸ್ಸಾಗುತ್ತಿದೆಯೋ ಏನೋ, ಮಾತು ಜಾಸ್ತಿಯಾಗಿದೆ.

ಫೆಬ್ರವರಿ 7, ಶನಿವಾರ

ಲೆಡೆಸ್ಮ ಮನೆಯಿಂದ ತಮಾಲೆ ತಂದಿದ್ದರು, ಜೋಳದ ಸಿಪ್ಪೆಯಲ್ಲಿ ಸುತ್ತಿದ್ದು, ಇನ್ನೂ ಬಿಸಿ. ತಿನ್ನುತ್ತಾ ಅದೇ ಆಟ ಆಡಿದೆವು.

"ನೀನು ಶಾಲೆ ಯಾಕೆ ಬಿಟ್ಟೆ?"

"ಬಿಟ್ಟೆ, ಯಾಕಂದ್ರೆ ಪರೀಕ್ಷೇಲಿ ಕಾಪಿ ಹೊಡ್ದಿದ್ದೆ. ನಾನೇ ಹೋಗಿ ಒಪ್ಕೊಂಡೆ. ಜೊತೇಲಿ ಯಾರಿದ್ರು ಅಂತ ಕೇಳಿದ್ರು. ಹೇಳ್ದೆ. ನಿಜಾನೇ ಹೇಳ್ದೆ. ಮಾರನೇ ದಿನದಿಂದ ಊಟದ ಮೇಜಲ್ಲಿ ನನ್ನ ಪಕ್ಕ ಯಾರೂ ಕೂರ್ಲಿಲ್ಲ."

"ಕೂರ್ಲಿಲ್ಲ" ಎಂದರು ಅವರು. ತಮಾಲೆಯ ಸಿಪ್ಪೆ ಮಡಿಸಿಟ್ಟರು. ಆಮೇಲೆ, ನಿಧಾನವಾಗಿ: "ಕೂರ್ಲಿಲ್ಲ ಅನ್ನೋದು ನನ್ನಂಥೋರಿಗೆ ಗೊತ್ತಾಗೋದೇ ಇಲ್ಲ. ಹೆಸರು ಬರ್ಕೊಳ್ತೀವಿ. ಕಡತ ಮುಚ್ತೀವಿ. ಹೇಳ್ದೋಳು ಆಮೇಲೆ ಎಲ್ಲಿ ಕೂತು ಊಟ ಮಾಡ್ತಾಳೆ ಅಂತ ನಾನು ಹದಿನಾರು ವರ್ಷದಲ್ಲಿ ಒಂದು ಸಲಾನೂ ಹೋಗಿ ನೋಡಿಲ್ಲ."

ನೋಡಿಲ್ಲ ಎಂಬುದರಿಂದ ನಾನು ಶುರುಮಾಡಬೇಕಿತ್ತು. ಆಗಲಿಲ್ಲ. ಮಿಸ್ ಟೇಟ್ ಎಣಿಸಲೂ ಇಲ್ಲ. ಸೋಲಿನ ಲೆಕ್ಕ ಅವರು ಬಿಟ್ಟಿದ್ದಾರೆ ಅನ್ನಿಸುತ್ತದೆ.

ಫೆಬ್ರವರಿ 11, ಬುಧವಾರ

ಊಟದ ಕೋಣೆಯಲ್ಲಿ ಲೀಮನ್ ಒಬ್ಬರೇ ಕೂತಿದ್ದರು. ಪಕ್ಕದಲ್ಲಿ ಕೂತೆ. ಏನು ಕೇಳಬೇಕೋ ಗೊತ್ತಾಗಲಿಲ್ಲ, ದಣಿದಿದ್ದೆ ಕೂಡ. ಸುಮ್ಮನೆ ತಿಂದೆ. ಅವರೂ ತಿಂದರು. ಊಟ ಅರ್ಧವಾದಾಗ ನಾನು, "ಅವತ್ತು ನೀವು 'ಆ ಕಡೆ' ಅಂದ್ರಿ" ಎಂದೆ.

"ಆ ಕಡೆ" ಎಂದರು. ಬಿಸ್ಕತ್ತಿನ ಪುಡಿ ಮೇಜಿನ ಮೇಲೆ ಒಂದು ಕಡೆ ಗುಡಿಸಿದರು. ಆಮೇಲೆ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ.

"ಆ ಕಡೆ ಹಗ್ಗ ಇದೆ, ಮಗೂ. ಯಂತ್ರ ನಿಲ್ಲಿಸೋ ಕೆಂಪು ಹಗ್ಗ ಎರಡು. ನನ್ನ ತಲೆ ಮೇಲೊಂದು, ಆ ತುದೀಲೊಂದು. ನನ್ನದು ಸಡಿಲ ಆಗಿತ್ತು. ಗಾಳಿ ತಾಗಿದ್ರೂ ಯಂತ್ರ ನಿಂತ್ಬಿಡೋದು, ದಿನಕ್ಕೆ ಹತ್ತು ಸಲ. ಡ್ವಯರ್ ಬಂದು ಇದನ್ನ ಮೇಲೆ ಕಟ್ಟಯ್ಯ ಅಂದ. ದಿಂಬಿನ ಚೀಲ ಹರ್ದು, ಕೊಳವೆಗೆ ಕಟ್ದೆ. ನಾನೇ ಕಟ್ಟಿದ್ದು, ಈ ಕೈಲಿ. ಡಿಸೆಂಬರ್‌ನಿಂದ ಹಂಗೇ ಇತ್ತು. ಅವತ್ತು ಹಾಸು ಸುತ್ಕೊಂಡಾಗ ಕೈ ಮೇಲೆತ್ತಿದೆ, ಹಗ್ಗ ಸಿಗ್ಲಿಲ್ಲ. ಆ ತುದಿಗೆ ಓಡ್ದೆ. ಅರವತ್ತೊಂದು ವಯಸ್ಸಿನ ಕಾಲು. ಅಷ್ಟ್ರಲ್ಲಿ ಬೆಂಕಿ ಹತ್ತಿತ್ತು. ಅಂಗಳದಲ್ಲಿ ನೀನು ಹೇಳ್ದಾಗ ನನಗೆ ಕೋಪ ಬರ್ಲಿಲ್ಲ. ಕಟ್ಟಿದ್ದು ನಾನಲ್ವ, ಇದಕ್ಕೆ ನಾನೇ ಸರಿ ಅನ್ನಿಸ್ತು. ನಿನಗೆ ಹೇಳೋಣ ಅಂತ ಬಾಯಿ ತೆಗ್ದೆ. ನಿನಗೆ ಪುರುಸೊತ್ತಿರ್ಲಿಲ್ಲ."

ಗಂಟೆ ಹೊಡೆಯಿತು. ಇಬ್ಬರೂ ಎದ್ದೆವು. ಊಟದ ಉಳಿದರ್ಧ ನಾನು ಅಲ್ಲೇ ಬಿಟ್ಟು ಬಂದೆ.

ಫೆಬ್ರವರಿ 21, ಶನಿವಾರ

ಡ್ವಯರ್ ಕಟ್ಟು ಎಂದದ್ದಕ್ಕೆ ಬರಹ ಇಲ್ಲ, ಸಾಕ್ಷಿ ಇಲ್ಲ. ಸುಟ್ಟ ದಿನವೇ ಯಾರೋ ಗಂಟು ಬಿಚ್ಚಿದ್ದಾರೆ. ಲೀಮನ್ ಕಟ್ಟಿದ್ದು ಮಾತ್ರ ಲೀಮನ್ನೇ ಒಪ್ಪುತ್ತಾರೆ. ಅವರು ಕಟ್ಟಿದ್ದನ್ನು ಮುಚ್ಚಿಟ್ಟು ಮಾತಾಡು ಎಂದರೆ ನನ್ನಿಂದಾಗದು. ಹೇಳಿದರೆ ಅವರ ಕೆಲಸಕ್ಕೆ ನಾನೇ ಎರಡನೇ ಸಲ ಕಲ್ಲು ಹಾಕಿದ ಹಾಗೆ.

ಲೀಮನ್‌ರನ್ನೇ ಕೇಳಿದ್ದೆ. "ಕಟ್ಟಿದ್ದೂ ಹೇಳು. ಪೂರ್ತಿ ಹೇಳು, ಅರ್ಧ ಹೇಳ್ಬೇಡ" ಎಂದಿದ್ದರು.

ಮಿಸ್ ಟೇಟ್‌ಗೆ ಇದನ್ನೆಲ್ಲ ಹೇಳಿ, ಅಲ್ಲಿ ಏನು ಮಾತಾಡಲಿ ಎಂದೆ.

"ನನಗೇನು ಗೊತ್ತು? ಡ್ವಯರ್ ಇನ್ನೂ ಮಾತೇ ಆಡಿಲ್ವಲ್ಲ."

ಇಷ್ಟಕ್ಕೆ ಆರು ಶನಿವಾರ ಎದ್ದು ಬಂದೆ.

ಫೆಬ್ರವರಿ 25, ಬುಧವಾರ

ಡ್ವಯರ್, ಮುಖ್ಯ ಕಚೇರಿಯಿಂದ ಬಂದ ಹೆಂಗಸು, ಲೀಮನ್, ನಾನು. ಕಿಟಕಿಯಿಲ್ಲದ ಕೋಣೆ. ಲೀಮನ್ ಚರ್ಚಿಗೆ ಹಾಕುವ ಕೋಟು ಹಾಕಿದ್ದರು. ನನ್ನ ಜೇಬಿನಲ್ಲಿ ನಾಲ್ಕು ಪುಟ.

ಆ ಹೆಂಗಸು ಶುರುಮಾಡಿ ಎಂದಾಗ ಮೊದಲು ನನ್ನದನ್ನು ಹೇಳಿದೆ. "ಅವತ್ತು ಅಂಗಳದಲ್ಲಿ ನಾನು ನೋಡಿದ್ದು ಅರ್ಧ. ಹೇಳಿದ್ದು ಪೂರ್ತಿ ನೋಡಿದೋಳ ಥರ. ಅದು ನನ್ನ ತಪ್ಪು, ಬರ್ಕೊಳ್ಳಿ." ಯಾರೂ ಚಪ್ಪಾಳೆ ಹೊಡೆಯಲಿಲ್ಲ.

ಡ್ವಯರ್ ನಕ್ಕ. "ಇದೇನ್ ಚರ್ಚಾ, ತಪ್ಪೊಪ್ಕೊಳ್ಳೋಕೆ? ಹತ್ತೊಂಬತ್ತು ವರ್ಷದ ಅನುಭವ ಇರೋನು ಓಡ್ತಿರೋ ಯಂತ್ರ ಬಿಟ್ಟು ಹೋಗ್ಬಾರ್ದು. ನಿಯಮ ಗೋಡೆ ಮೇಲೇ ಇದೆ."

ಒಳಗೆ ಕೆವಿನ್, ಎರಡನೇ ಯಂತ್ರ, ಎಲ್ಲವೂ ಬಾಗಿಲವರೆಗೆ ಬಂದು ನಿಂತಿದ್ದವು. ಆದರೆ ಬಾಯಿಗೆ ಬಂದದ್ದು ಅವನ ಕಡೇ ಪದವೇ.

"ಇದೆ. ಹಾಸು ಸುತ್ಕೊಂಡ್ರೆ ಏನು ಮಾಡ್ಬೇಕು ಅಂತ್ಲೂ ಅದ್ರಲ್ಲಿದೆ."

"ಇದೆಯಲ್ಲ, ಹಗ್ಗ ಎಳೀಬೇಕು. ತಲೆ ಮೇಲೇ ಹಗ್ಗ. ಇವನು ಎಳೀಲಿಲ್ಲ."

"ಎಳೀಲಿಲ್ಲ" ಎಂದೆ. ಮುಂದೆ ಹೇಳಲು ಏನೂ ಇರಲಿಲ್ಲ. ಸುಮ್ಮನಾದೆ. ಗೋಡೆಯಾಚೆ ಯಂತ್ರಗಳ ಸದ್ದು. ಡ್ವಯರ್ ನನ್ನನ್ನು ನೋಡಿದ, ಲೀಮನ್‌ರನ್ನು ನೋಡಿದ. ನಾನು ಜಗಳಕ್ಕೆ ಬರುತ್ತೇನೆಂದು ಕಾಯುತ್ತಿದ್ದನೋ ಏನೋ. ಬರದಿದ್ದಾಗ ಆ ಖಾಲಿ ಜಾಗವನ್ನು ಅವನೇ ತುಂಬಿದ.

"ಎಳೆಯೋಕೆ ಆಗ್ತಿರ್ಲಿಲ್ಲ ಅಂತ ನೀನು ಹೇಳ್ಬಹುದು. ಆದ್ರೆ ಹಗ್ಗ ಹಂಗಿಟ್ಟಿದ್ದು ಎಷ್ಟು ದಿನಕ್ಕೆ? ರಿಪೇರಿಯೋರು ಬರೋವರೆಗೆ."

"ಬರೋವರೆಗೆ ಏನು ಮಾಡಿದ್ರಿ, ಮಿಸ್ಟರ್ ಡ್ವಯರ್?"

"ಏನು ಮಾಡ್ಲಿ? ದಿನಕ್ಕೆ ಹತ್ತು ಸಲ ನಿಂತ್ರೆ ಆಸ್ಪತ್ರೆಯೋರಿಗೆ ಯಾರು ಉತ್ತರ ಕೊಡೋದು, ನೀನಾ? ಮೇಲೆ ಕಟ್ಟು ಅಂದೆ. ಯಾರಾದ್ರೂ ಅದನ್ನೇ ಅಂತಿದ್ರು."

ಆ ಹೆಂಗಸಿನ ಪೆನ್ನು ನಿಂತಿತು. "ನಿಲ್ಲಿಸೋ ಹಗ್ಗಾನ ಕಟ್ಟು ಅಂದ್ರಾ?"

ಡ್ವಯರ್ ಮುಖ ಒಗೆದ ಹಾಸಿನ ಥರ ಆಯಿತು. ನಾನು ಅಲ್ಲಿಗೆ ನಿಲ್ಲಿಸಬಹುದಿತ್ತು. "ಕಟ್ಟಿದ್ದು ಮಿಸ್ಟರ್ ಬ್ಯಾಟಲ್. ಅದನ್ನೂ ಬರ್ಕೊಳ್ಳಿ" ಎಂದೆ. ಲೀಮನ್ ತಲೆಯಾಡಿಸಿದರು. ಆಮೇಲೆ ಅವರೇ ಎಲ್ಲ ಹೇಳಿದರು, ಹಗ್ಗ ಸಡಿಲವಾದ ದಿನದಿಂದ. ಕಾಲು ಗಂಟೆ ಹೇಳಿದರು. ಯಾರೂ ನಡುವೆ ಬಾಯಿ ಹಾಕಲಿಲ್ಲ.

ಕೆಲಸದಿಂದ ತೆಗೆಯುವುದಿಲ್ಲ. ಸೋಮವಾರದಿಂದ ಸಂಬಳವಿಲ್ಲದೆ ಮೂರು ದಿನ ಮನೆಯಲ್ಲಿ ಕೂರಬೇಕು. ಹಗ್ಗ ಈ ವಾರವೇ ರಿಪೇರಿ. ಡ್ವಯರ್‌ನದು ಮುಖ್ಯ ಕಚೇರಿಯಲ್ಲಿ ನೋಡುತ್ತಾರಂತೆ. ಏಳುವಾಗ ಕೇಳಿದೆ: "ಹೋದ ವರ್ಷ ಎರಡನೇದನ್ನ ಸುಟ್ಟಾಗ ಕೆವಿನ್ ಎಷ್ಟು ದಿನ ಮನೇಲಿ ಕೂತಿದ್ರು?" ಆ ಹೆಂಗಸು ಅದನ್ನೂ ಬರೆದುಕೊಂಡಳು. ಲೀಮನ್‌ರ ಮೂರು ದಿನವನ್ನು ಹೊಡೆದು ಹಾಕಲಿಲ್ಲ.

ಗೆದ್ದ ಹಾಗೆ ಏನೂ ಅನ್ನಿಸುತ್ತಿಲ್ಲ. ನಾನು ಅಷ್ಟಾಗಿ ಮಾತಾಡಲೂ ಇಲ್ಲ. ಅವನೇ ಆಡಿದ.

ಫೆಬ್ರವರಿ 28, ಶನಿವಾರ

ಕೊನೆಯ ತರಗತಿ. ಚೆಂಡಾಟದಲ್ಲಿ ಎರಡು ಸಲ ಬೀಳಿಸಿದೆ. ಲೆಡೆಸ್ಮ ಈಗ ದಿನಾ ಊಟದ ಹೊತ್ತಿಗೆ ಮಕ್ಕಳ ಊಟದ ಹಾಲ್‌ಗೆ ಹೋಗುತ್ತಾರಂತೆ. "ಒಬ್ಬೊಬ್ರೇ ಕೂತಿರೋರು ಎಷ್ಟು ಜನ ಗೊತ್ತಾ?" ಎಂದು ಶುರುಮಾಡಿ ಬಸ್ಸು ಬರುವವರೆಗೂ ಹೇಳಿದರು. ಮುಂದಿನ ಶನಿವಾರ ಹನ್ನೊಂದರವರೆಗೆ ಮಲಗುತ್ತೇನೆ.

ಮಾರ್ಚ್ 5, ಗುರುವಾರ

ಲೀಮನ್ ಇವತ್ತು ಕೆಲಸಕ್ಕೆ ಬಂದರು. ಮೊದಲು ಮಾಡಿದ್ದು ಕೈ ಮೇಲೆತ್ತಿ ಹೊಸ ಹಗ್ಗ ಎಳೆದದ್ದು. ಯಂತ್ರ ಗಪ್ಪಂತ ನಿಂತಿತು. ಎಲ್ಲರೂ ತಿರುಗಿ ನೋಡಿದರು. "ನೋಡ್ದೆ, ಅಷ್ಟೇ" ಎಂದು ಮತ್ತೆ ಶುರುಮಾಡಿದರು.

ಅಂಗಳಕ್ಕೆ ಹೋದರೆ ಒಬ್ಬಳು ಗಂಡನ ವಿಷಯ ಹೇಳುತ್ತಾಳೆ, ಊಟಕ್ಕೆ ಕೂತರೆ ಇನ್ನೊಬ್ಬಳು ಮಂಡಿನೋವಿನ ವಿಷಯ. ಇತ್ತೀಚೆಗೆ ಇವರಿಗೆಲ್ಲ ಏನಾಗಿದೆಯೋ. ಮೊದಲು ಯಾರೂ ಇಷ್ಟು ಮಾತಾಡುತ್ತಿರಲಿಲ್ಲ.

ಬಸ್ಸಿನಲ್ಲಿ ಲೀಮನ್ ನನ್ನ ಪಕ್ಕವೇ ಬಂದು ಕೂತರು. ಮಿಸಿಸಿಪ್ಪಿಯಲ್ಲಿ ಅವರ ತಂದೆ ಸಾಕಿದ್ದ, ರೈಲಿನ ಸದ್ದು ಕೇಳಿದರೆ ಮಾತ್ರ ನಡೆಯುತ್ತಿದ್ದ ಹೇಸರಗತ್ತೆಯ ಕತೆ. ನನ್ನ ನಿಲ್ದಾಣ ಬಂತು, ಹೋಯಿತು. ಹೇಸರಗತ್ತೆ ಇನ್ನೂ ಹಳಿಯ ಹತ್ತಿರವೇ ನಿಂತಿತ್ತು. ಇಳಿದದ್ದು ನಾಲ್ಕು ನಿಲ್ದಾಣ ಮುಂದೆ. ಕೆಸರಾದ ಹಿಮದಲ್ಲಿ ಅಷ್ಟು ದೂರ ಹಿಂದಕ್ಕೆ ನಡೆದು ಬಂದಿದ್ದೇನೆ, ಎರಡೂ ಬೂಟು ಒದ್ದೆ. ಚಿಕ್ಕಮ್ಮ ಬಕೆಟ್ಟು ತರುತ್ತಿದ್ದಾಳೆ. ಅವಳಿಗೂ ಏನೋ ಹೇಳುವುದಿದೆಯಂತೆ.